ಮುಗಿಲಿಂದ ಕುಸಿಯುವ ಗಾಳಿ, ದಾರದ ತುದಿಯಲ್ಲೊಬ್ಬ ಮನುಷ್ಯ!

12 ಚದರ ಮೀಟರ್ ಬಟ್ಟೆ, 20 ಮೀಟರಿಗೂ ಉದ್ದದ ನಾಲ್ಕು ದಾರ, ಕಾಲಡಿ ಒಂದು ಹಲಗೆ. ಇಷ್ಟಿದ್ದರೆ ಸಾಕು, ಮನುಷ್ಯ ಸಮುದ್ರದ ಮೇಲೆ ಓಡುತ್ತಾನೆ, ನೆಗೆಯುತ್ತಾನೆ, ಹಾರಿಯೇಬಿಡುತ್ತಾನೆ! ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏಳುವ, ಅಂಚಿಗೆ ಗಾಳಿ ತುಂಬಿದ ಗಾಳಿಪಟಕ್ಕೆ ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 2024ರ ಹೊತ್ತಿಗೆ ಕೈಟ್‌ಬೋರ್ಡಿಂಗ್ ಎಂಬ ಈ ಗಾಳಿಪಟದಾಟ ಒಲಿಂಪಿಕ್ಸ್ ಮುಟ್ಟಿತ್ತು.

ಆದರೆ ಈ ಬಟ್ಟೆಯ ಲೆಕ್ಕ ಎದೆ ನಡುಗಿಸುವಂಥದ್ದು. ಗಾಳಿಯ ವೇಗ ಎರಡರಷ್ಟಾದರೆ ಎಳೆತ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 28 ಕಿ.ಮೀ. ಹಿತವಾದ ಗಾಳಿ 84ಕ್ಕೆ ಜಿಗಿದರೆ? ಒಂಬತ್ತರಷ್ಟು! ಅದೂ ಕೆಲವೇ ಕ್ಷಣಗಳಲ್ಲಿ.

2008ರ ಆಗಸ್ಟ್ 18ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಕಡಲತೀರದಲ್ಲಿ ಟಿವಿ ಕ್ಯಾಮೆರಾದ ಕಣ್ಣೆದುರೇ ಇದು ನಡೆದುಹೋಯಿತು. ‘ಫೇ’ ಚಂಡಮಾರುತದ ಕೇಂದ್ರ ಇನ್ನೂ ಬಹಳ ದೂರ, ದಕ್ಷಿಣದ ಕೀ ವೆಸ್ಟ್ ಕಡೆಗಿತ್ತು. ಅದರ ಹೊರಸುತ್ತಿನ ಮಳೆಪಟ್ಟಿಯೊಂದು ದಡಕ್ಕೆ ಅಪ್ಪಳಿಸಿದ್ದೇ ತಡ, ಕೈಟ್ ತನ್ನ ಸವಾರನನ್ನು ಎತ್ತಿ ಮರಳಿಗೆ ಬಡಿಯಿತು, ದರದರ ಎಳೆಯಿತು, ಮತ್ತೆ ಎತ್ತಿತು, ರಸ್ತೆಯಾಚೆಯ ಕಟ್ಟಡಕ್ಕೆ ಒಗೆಯಿತು. ತೀವ್ರ ಗಾಯಗಳಾದರೂ ಆತ ಬದುಕಿದ್ದು ಪವಾಡವೇ ಸರಿ.

ಇಂಥ ಹೊಡೆತ ಎಲ್ಲಿಂದ ಬರುತ್ತದೆ? ಗುಡುಗುಮೋಡದಿಂದ ಸುರಿಯುವ ಮಳೆಯಲ್ಲಿ ಒಂದಷ್ಟು ಆವಿಯಾಗಿ ಸುತ್ತಲ ಗಾಳಿಯನ್ನು ತಂಪಾಗಿಸುತ್ತದೆ. ತಂಪಾದ ಗಾಳಿ ಭಾರ. ಮಳೆಹನಿಗಳ ತೂಕವೂ ಸೇರಿ ಅದು ನೇರ ಕೆಳಕ್ಕೆ ಕುಸಿಯುತ್ತದೆ, ಅಂಗಳದ ಮೇಲೆ ಬಿಂದಿಗೆ ನೀರು ಸುರಿದಂತೆ ಸುತ್ತಲೂ ಚಿಮ್ಮುತ್ತದೆ! ಜಪಾನಿನ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿತಾ ಇದನ್ನು ಪತ್ತೆಹಚ್ಚಿದ ಕಥೆಯೇ ರೋಮಾಂಚಕ. 1945ರಲ್ಲಿ ನಾಗಸಾಕಿಯ ಬಾಂಬ್ ಹಾನಿಯನ್ನು ಪರಿಶೀಲಿಸಿದಾಗ, ಮೇಲಿನಿಂದ ಬಂದ ಆಘಾತ ನೆಲದ ಮೇಲೆ ನಕ್ಷತ್ರದಂತೆ ಗುರುತು ಬಿಟ್ಟಿದ್ದನ್ನು ಅವರು ಕಂಡಿದ್ದರು. 1974ರಲ್ಲಿ ಅಮೆರಿಕದ ಸುಂಟರಗಾಳಿಗಳ ಬಳಿಕ ವಿಮಾನದಿಂದ ಕಾಡನ್ನು ನೋಡುತ್ತಾರೆ, ಮರಗಳು ಅದೇ ನಕ್ಷತ್ರದಾಕಾರದಲ್ಲಿ ಉರುಳಿ ಬಿದ್ದಿವೆ! ಮರುವರ್ಷ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿ 113 ಮಂದಿ ಸತ್ತಾಗ, ಕಾರಣ ಇದೇ ಕುಸಿಗಾಳಿ ಎಂದರು. ಹಲವರು ಒಪ್ಪಲಿಲ್ಲ. 1978ರಲ್ಲಿ ಶಿಕಾಗೋ ಬಳಿಯ, ಗಾಳಿಯ ಚಲನೆ ಅಳೆಯುವ ಡಾಪ್ಲರ್ ರಾಡಾರ್‌ಗಳು ಅವರ ಮಾತಿಗೆ ಸಾಕ್ಷಿ ನುಡಿದವು.

ವಿಮಾನವನ್ನೇ ನೆಲಕ್ಕೆ ಕೆಡವುವ ಗಾಳಿಗೆ ಕೈಟ್ ಹಾರಿಸಿ ನಿಂತವನ ಗತಿಯೇನು! ಇನ್ನೂ ಕುಟಿಲವಾದದ್ದೆಂದರೆ, ಚಿಮ್ಮಿದ ಗಾಳಿ ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡಬಲ್ಲದು. ತಲೆಯ ಮೇಲೆ ಬಿಸಿಲಿರುತ್ತದೆ. ಕೆಲವೊಮ್ಮೆ ಕಡಲಗಾಳಿ ಇದ್ದಕ್ಕಿದ್ದಂತೆ ಸತ್ತು ಕೈಟ್ ಜೋಲುತ್ತದೆ, ಸವಾರ ಬೇಸರಪಡುತ್ತಾನೆ. ಆಮೇಲೆ ಬೇರೆಯೇ ದಿಕ್ಕಿನಿಂದ ತಣ್ಣನೆಯ ಗಾಳಿಯ ಅಲೆ. ಕೈಗೆ ಎಳೆತ ತಿಳಿಯುವ ಹೊತ್ತಿಗೆ ಯೋಚಿಸಲು ಪುರಸೊತ್ತಿಲ್ಲ.

ಅದಕ್ಕೇ ಬಲ್ಲವರು ನೀರಿಗಿಳಿಯುವ ಮುನ್ನ ರಾಡಾರ್ ಚಿತ್ರ ನೋಡುತ್ತಾರೆ. ದಿಗಂತದಲ್ಲಿ ಕರಿಮೋಡ ಅಟ್ಟದಂತೆ ಚಾಚಿಕೊಂಡರೆ, ದೂರದ ನೀರು ಕಪ್ಪಾಗಿ ಬೆಳ್ನೊರೆ ಎದ್ದರೆ, ಗುಡುಗು ಕಿವಿಗೆ ಬಿದ್ದರೆ ಕೂಡಲೇ ಕೈಟ್ ಇಳಿಸಿ ಸುತ್ತಿಡುತ್ತಾರೆ. ಆಟ ಇನ್ನೂ ಚೆನ್ನಾಗಿರುವಾಗಲೇ! ಪಕ್ಕದವನು ಇಳಿಸುವವರೆಗೆ ಕಾಯುವುದು ಶುದ್ಧ ಹುಚ್ಚು ಎನ್ನುವೆ.

ತಡವಾಗಿ ಸಿಕ್ಕಿಬಿದ್ದರೋ? ಕೈಟ್ ನೆತ್ತಿಯ ಮೇಲಿದ್ದರೆ ಸುರಕ್ಷಿತ ಅನ್ನಿಸುತ್ತದೆ, ಆದರೆ ಮನುಷ್ಯನನ್ನು ಎತ್ತಿ ಒಯ್ಯುವುದು ಅಲ್ಲಿಂದಲೇ. ಗಾಳಿ ದಡದತ್ತ ಬೀಸುತ್ತಿದ್ದರೆ ಕಟ್ಟಡ, ಬಂಡೆ, ಕಾರುಗಳೇ ನಿಜವಾದ ಶತ್ರು. ಅವುಗಳಿಗೂ ನಿಮಗೂ ನಡುವೆ ನೀರು ಉಳಿದಿರುವಾಗಲೇ ಸೊಂಟದ ಪಟ್ಟಿಗೆ (ಹಾರ್ನೆಸ್) ಸಿಕ್ಕಿಸಿದ ತುರ್ತು ಕಳಚುಕೊಂಡಿಯನ್ನು (ಕ್ವಿಕ್ ರಿಲೀಸ್) ಒತ್ತಬೇಕು. ಕೈಯಲ್ಲಿನ ಹಿಡಿಕೋಲು (ಬಾರ್) ಕಳಚುತ್ತದೆ, ಕೈಟ್ ಒಂದೇ ದಾರಕ್ಕೆ ಜೋತು ಬಲ ಕಳೆದುಕೊಳ್ಳುತ್ತದೆ. ಆಗಲೂ ಎಳೆಯುತ್ತಿದ್ದರೆ ಎರಡನೆಯ ರಿಲೀಸ್ ಒತ್ತಿ ಆ ದಾರವನ್ನೂ ಬಿಟ್ಟುಬಿಡಬೇಕು, ಕೈಟ್ ಎಷ್ಟೇ ದುಬಾರಿಯದಾಗಿರಲಿ.