ಹರಿಗೋಲಿಗೂ ಮಿತಿ ಬೇಕು

ದೋಣಿಗಳ ಸುರಕ್ಷತೆ ಎಂದೊಡನೆ ವೇಗಮಿತಿಯ ಮಾತು ಬರುತ್ತದೆ. ಮಾನ್ವಿ ಸೀಮೆಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿ ಬೆಳೆದ ನನಗೆ ಅದು ದೂರದ ಮಾತೆನಿಸುತ್ತದೆ. ಹುಟ್ಟಿನ ಬಲದಿಂದಷ್ಟೇ ಸುತ್ತುತ್ತ ಸಾಗುವ ಬಿದಿರಿನ ಬುಟ್ಟಿಗೆ ವೇಗವೆಲ್ಲಿಯದು? ಇಲ್ಲಿ ಅಪಾಯವಿರುವುದು ಹೊರೆಯಲ್ಲಿ, ಉಕ್ಕಿದ ನದಿಯ ಸೆಳವಿನಲ್ಲಿ.

2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆ ಕುರ್ವಕಲಾ ಬಳಿ 13 ಮಂದಿಯಿದ್ದ ಹರಿಗೋಲು ಮಗುಚಿತು. 9 ಮಂದಿ ಪಾರಾದರು. ಉಳಿದ ನಾಲ್ವರನ್ನು ಹೊಳೆ ಸೆಳೆದೊಯ್ದಿತು.

ಒಳನಾಡು ಜಲಸಾರಿಗೆಯ 1917ರ ಕಾಯ್ದೆಯ ದೃಷ್ಟಿ ಯಂತ್ರಚಾಲಿತ ನೌಕೆಗಳ ಮೇಲಿತ್ತು. ಅದರ ಸ್ಥಾನಕ್ಕೆ ಬಂದ 2021ರ ಕಾಯ್ದೆಯು ಯಂತ್ರರಹಿತ ದೋಣಿಗಳನ್ನೂ ಪರಿಗಣಿಸಿ, ಅವುಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅವಕಾಶ ನೀಡಿದೆ.

ಹರಿಗೋಲನ್ನು ನಿಷೇಧಿಸುವುದು ಸುಲಭ. ಆದರೆ ಸಂತೆ, ಆಸ್ಪತ್ರೆಗಳು ಆಚೆ ದಡದಲ್ಲಿರುವಾಗ ಜನ ಹತ್ತದೆ ವಿಧಿಯಿಲ್ಲ. ಆದ್ದರಿಂದ ಪ್ರತಿ ಹರಿಗೋಲಿನ ಮೇಲೂ ನೋಂದಣಿ ಸಂಖ್ಯೆ ಮತ್ತು ಜನಮಿತಿಯನ್ನು ಬರೆಸಬೇಕು. ಹತ್ತುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಸಿಗಬೇಕು. ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಊರೂರಲ್ಲಿ ಡಂಗುರ ಸಾರಬೇಕು. ಸೇತುವೆ ಬರುವವರೆಗೆ ಕಾಯುವವರಿಗೆ ಇಷ್ಟಾದರೂ ಸಲ್ಲಬೇಡವೇ?