ಸಂಚಯವಲಯದಲ್ಲಿ ಕಿರಣಪುಂಜದ ಚಲನೆಯ ಮಾಪನ

ಮಂಡ್ಯದ ಕಬ್ಬಿನ ಸೀಮೆಯಲ್ಲಿ, ಬಸರಾಳಿನಂತಹ ಊರುಗಳ ಸುತ್ತಿನಲ್ಲಿ, ಹಿಂದೆ ಎತ್ತುಗಳೇ ಗಾಣವನ್ನು ತಿರುಗಿಸುತ್ತಿದ್ದುವು. ಎತ್ತಿನ ಹಾದಿಯಲ್ಲಿ ಕಲ್ಲೊಂದಿದ್ದು, ಪ್ರತಿ ಸುತ್ತಿನಲ್ಲಿಯೂ ಅದೇ ಕಾಲು ಅದರ ಮೇಲೆ ಬೀಳುವುದಾದರೆ ಎತ್ತು ಕುಂಟುವುದು. ಹೆಜ್ಜೆ ಸ್ವಲ್ಪ ಹಿಂದುಮುಂದಾದರೆ ಪೆಟ್ಟು ಒಂದೇ ಕಾಲಿಗೆ ಕೂಡಿಬರುವುದಿಲ್ಲ. ಎಲೆಕ್ಟ್ರಾನುಗಳನ್ನು ಗಂಟೆಗಟ್ಟಲೆ ವರ್ತುಲಮಾರ್ಗದಲ್ಲಿ ಸುತ್ತಿಸುವ ಸಂಚಯವಲಯದ ಮುಖ್ಯ ಸಮಸ್ಯೆಯೂ ಈ ಬಗೆಯದು.

ಅಂತಹ ವಲಯವೊಂದು ಇಂದೂರಿನಲ್ಲುಂಟು. 1925ರಲ್ಲಿ ತುಮಕೂರು ಸೀಮೆಯಲ್ಲಿ ಜನಿಸಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರ ಹೆಸರನ್ನು ಹೊತ್ತ ಸಂಶೋಧನ ಕೇಂದ್ರದ ಈ ವಲಯಕ್ಕೆ ಇಂಡಸ್-2 ಎಂದು ಹೆಸರು. ಅದರ ಸುತ್ತಳತೆ ಸುಮಾರು 172 ಮೀಟರು. ಬೆಳಕಿನ ವೇಗಕ್ಕೆ ತೀರ ಸಮೀಪವಾದ ವೇಗದಲ್ಲಿ ಎಲೆಕ್ಟ್ರಾನುಗಳು ಅದನ್ನು ಸೆಕೆಂಡಿಗೆ 17 ಲಕ್ಷಕ್ಕೂ ಮಿಕ್ಕು ಸಲ ಸುತ್ತುತ್ತವೆ.

ಕಣ್ಣಿಗೆ ಕಾಣದ ಈ ಪುಂಜದ ಸ್ಥಾನವನ್ನು ಅರಿಯುವ ಕ್ರಮ ಸರಳವಾದುದು. ನಿರ್ವಾತ ಕೊಳವೆಯ ಒಳಮೈಯಲ್ಲಿ ಗುಂಡಿಯಾಕಾರದ ನಾಲ್ಕು ಲೋಹಗ್ರಾಹಕಗಳಿರುತ್ತವೆ. ಪುಂಜವು ಯಾವುದಕ್ಕೆ ಹತ್ತಿರವೋ ಅದರಲ್ಲಿ ಹೆಚ್ಚು ವಿದ್ಯುತ್ತು ಪ್ರೇರಿತವಾಗುವುದು. ಎಡಬಲಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ, ಪುಂಜದಲ್ಲಿ ಕಣಗಳು ಎಷ್ಟೇ ಇರಲಿ, ಅದು ನಡುವಿನಿಂದ ಎಷ್ಟು ಸರಿದಿದೆಯೆಂಬುದು ದೊರೆಯುತ್ತದೆ. ಮೇಲುಕೆಳಗಿನ ಅಳತೆಗೂ ಇದೇ ನ್ಯಾಯ.

ಪುಂಜವು ನಿಯತಪಥದಲ್ಲಿ ನೆಟ್ಟಗೆ ನಡೆಯುವುದಿಲ್ಲ. ಕಾಂತಗಳು ಅದನ್ನು ಮತ್ತೆ ಮತ್ತೆ ಪಥಕ್ಕೆ ಎಳೆಯುವುದರಿಂದ ಆಚೆಈಚೆಗೆ ತೂಗುತ್ತ ಸಾಗುತ್ತದೆ. ಒಂದು ಸುತ್ತಿನಲ್ಲಿ ನಡೆಯುವ ತೂಗಾಟಗಳ ಸಂಖ್ಯೆಯನ್ನು ಆಂದೋಲನಾಂಕವೆನ್ನಬಹುದು. ಇಂಡಸ್-2ರಲ್ಲಿ ಇದು ಅಡ್ಡಲಾಗಿ 9ಕ್ಕಿಂತಲೂ, ಲಂಬವಾಗಿ 6ಕ್ಕಿಂತಲೂ ಸ್ವಲ್ಪ ಹೆಚ್ಚು. ಈ 'ಸ್ವಲ್ಪ'ದಲ್ಲಿಯೇ ಪುಂಜದ ಆಯುಸ್ಸು ಅಡಗಿದೆ. ಆಂದೋಲನಾಂಕವು ಪೂರ್ಣಾಂಕವಾದರೆ, ಕಾಂತವೊಂದರ ಅಲ್ಪದೋಷವೂ ಸುತ್ತುಸುತ್ತಿಗೂ ಒಂದೇ ದಿಕ್ಕಿಗೆ ತಳ್ಳಿ, ಪುಂಜವನ್ನು ಕೊಳವೆಯ ಗೋಡೆಗೆ ಒಯ್ಯುವುದು. ಅರ್ಧ, ಮೂರನೆಯ ಒಂದು ಮೊದಲಾದ ಸರಳ ಭಿನ್ನಾಂಶಗಳೂ ಅಪಾಯಕರವೇ.

ಈ ಅಂಕವನ್ನು ಅಳೆಯುವುದಕ್ಕಾಗಿ ಪುಂಜಕ್ಕೆ ಮೆಲ್ಲನೆ ಒಂದು ತಳ್ಳು ಕೊಟ್ಟು, ಒಂದೇ ಗ್ರಾಹಕಸ್ಥಾನದಲ್ಲಿ ಸುತ್ತಿಗೊಮ್ಮೆ ಅದರ ನೆಲೆಯನ್ನು ಗುರುತಿಸಿ, ಆ ಸಾಲಿನಲ್ಲಿ ಅಡಗಿರುವ ಆವರ್ತನವನ್ನು ಗಣಿತದಿಂದ ಬೇರ್ಪಡಿಸುವರು. ಸುತ್ತಿಗೊಮ್ಮೆ ಮಾತ್ರ ನೋಡುವುದರಿಂದ ಪೂರ್ಣಾಂಕವು ಇಲ್ಲಿ ಮರೆಯಾಗಿ, ಭಿನ್ನಾಂಶವೊಂದೇ ತೋರುವುದು. ಪೂರ್ಣಾಂಕವನ್ನು ತಿಳಿಯಬೇಕಾದರೆ, ಕಾಂತವೊಂದರಿಂದ ಪಥವನ್ನು ಬೇಕೆಂದೇ ತುಸು ಬಾಗಿಸಿ, ವಲಯದುದ್ದಕ್ಕೂ ಇರುವ ಗ್ರಾಹಕಗಳಲ್ಲಿ ಮೂಡುವ ಅಲೆಗಳನ್ನು ಎಣಿಸತಕ್ಕದ್ದು.

ಕಾಂತಗಳ ವಿದ್ಯುತ್ಪ್ರವಾಹವು ಕಿಂಚಿತ್ತು ಬದಲಾದರೂ ಭಿನ್ನಾಂಶವು ಜರುಗುವುದು. ಆದುದರಿಂದ ಈ ಮಾಪನವು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ. ಪುಂಜವು ಸುತ್ತುವಷ್ಟು ಕಾಲವೂ ಅದನ್ನು ಕಾಯುವ ಎಚ್ಚರ.