ಅನುಕರಣ ಯಂತ್ರ ಕಲಿಸದಿದ್ದ ಪಾಠ

ಒಲೆಯ ಮೇಲೆ ಹಾಲಿಟ್ಟು ಮರೆತವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಪಾತ್ರೆಯ ಅರ್ಧಕ್ಕಿದ್ದ ಹಾಲು ಕುದಿಯತೊಡಗಿದೊಡನೆ ಸರ್ರನೆ ಮೇಲೇರಿ, ಕಂಠವನ್ನು ಮುಟ್ಟಿ, ಹೊರಕ್ಕೆ ಚೆಲ್ಲುತ್ತದೆ. ಹಾಲು ಹೆಚ್ಚಾಯಿತೆ? ಇಲ್ಲ. ಆವಿಯ ಗುಳ್ಳೆಗಳು ಒಳಗೆ ಹುಟ್ಟಿ ಅದನ್ನು ಉಬ್ಬಿಸಿದವು, ಅಷ್ಟೆ. ಮಟ್ಟವೊಂದನ್ನೇ ನೋಡಿ ಹಾಲಿನ ಅಳತೆಯನ್ನು ನಿರ್ಣಯಿಸ ಹೊರಟವನು ಮೋಸಹೋಗುವನು. 1979ನೆಯ ಇಸವಿ ಮಾರ್ಚ್ 28ರ ಬೆಳಗಿನ ಜಾವ, ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಪರಮಾಣು ವಿದ್ಯುತ್ ಸ್ಥಾವರವೊಂದರಲ್ಲಿ, ಪರವಾನಗಿ ಪಡೆದ ನಿರ್ವಾಹಕರು ಇದೇ ಬಗೆಯ ಮೋಸಕ್ಕೆ ಒಳಗಾದರು. ಅದನ್ನು ಅವರ ಅಜಾಗರೂಕತೆಯೆಂದು ಹೇಳಿ ಮುಗಿಸುವಂತಿಲ್ಲ. ಅವರಿಗೆ ಪಾಠ ಹೇಳಿದ ಯಂತ್ರಕ್ಕೇ ಆ ವಿಷಯ ತಿಳಿದಿರಲಿಲ್ಲ.

ಆ ಯಂತ್ರ ಯಾವುದು? ತಪ್ಪಿದರೆ ಪ್ರಾಣಕ್ಕೆ ಕುತ್ತು ತರುವ ಕಸುಬುಗಳನ್ನು ಹೊಸಬರಿಗೆ ಕಲಿಸುವುದು ಹಿಂದಿನಿಂದಲೂ ಕಷ್ಟದ ಮಾತು. ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕೆಂಬುದು ನಿಜ. ಆದರೆ ವಿಮಾನ ಹಾರಿಸಲು ಕಲಿಯುವವನು ಮೊದಲ ತಪ್ಪನ್ನು ಆಕಾಶದಲ್ಲಿಯೇ ಮಾಡಿದರೆ ಎರಡನೆಯ ಪಾಠಕ್ಕೆ ಅವನು ಬರುವುದಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಬಿಂಗಮ್‌ಟನ್ ಎಂಬ ಊರಿನ ಎಡ್ವಿನ್ ಲಿಂಕ್ ಎಂಬಾತ ಇದಕ್ಕೆ ಒಂದು ಉಪಾಯ ಹುಡುಕಿದ. ಅವನ ತಂದೆಗೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ ವಾದ್ಯದ ತಿದಿಗಳನ್ನೇ ಉಪಯೋಗಿಸಿ, 1929ರ ಸುಮಾರಿಗೆ, ನೆಲದ ಮೇಲೆಯೇ ಓಲಾಡುವ ಒಂದು ಪುಟ್ಟ ವಿಮಾನವನ್ನು ಅವನು ನಿರ್ಮಿಸಿದ. ಮೊದಮೊದಲು ಅದನ್ನು ಕೊಂಡವರು ವಿನೋದದ ಉದ್ಯಾನಗಳವರು! 1934ರಲ್ಲಿ ಅಂಚೆ ಸಾಗಿಸುವ ಕೆಲಸ ಅಮೆರಿಕದ ಸೈನ್ಯದ ಪಾಲಿಗೆ ಬಂದು, ಮಂಜು ಮೋಡಗಳ ನಡುವೆ ಹಾರಿದ ಹಲವರು ವೈಮಾನಿಕರು ಸತ್ತಮೇಲೆ, ಸೈನ್ಯ ಅಂಥ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಕ್ಷಗಟ್ಟಲೆ ಜನ ಅದರಲ್ಲಿ ಕುಳಿತು ಕಲಿತರು.

ತಿದಿಗಳ ಸ್ಥಾನಕ್ಕೆ ಗಣಿತ ಬಂದುದು ಮುಂದಿನ ಹೆಜ್ಜೆ. 1944ರಲ್ಲಿ ಅಮೆರಿಕದ ನೌಕಾದಳ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದ್ದು ಯಾವ ಬಗೆಯ ವಿಮಾನವನ್ನಾದರೂ ಅನುಕರಿಸಬಲ್ಲ ಒಂದು ಯಂತ್ರವನ್ನು. ಜೇ ಫಾರೆಸ್ಟರ್ ಮುಂದಾಳಾಗಿದ್ದ ಆ ತಂಡ ಕೆಲಸವನ್ನು ಬೆಳೆಸುತ್ತ ಹೋಗಿ, ಕೊನೆಗೆ ವಿಮಾನದ ಕೋಣೆಯನ್ನೇ ಕೈಬಿಟ್ಟು, 1951ರಲ್ಲಿ ‘ವರ್ಲ್‌ವಿಂಡ್’ ಎಂಬ ಕಂಪ್ಯೂಟರನ್ನು ನಡೆಸಿ ತೋರಿಸಿತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಆದರೂ ನಷ್ಟವಾಯಿತೆಂದು ಯಾರೂ ಹೇಳಲಾರರು.

ಇಂಥ ಕಂಪ್ಯೂಟರಿನಲ್ಲಿ ಅನುಕರಣ ನಡೆಯುವ ರೀತಿಯನ್ನು ಒಂದು ನೀರಿನ ತೊಟ್ಟಿಯಿಂದ ತಿಳಿಯಬಹುದು. ತೊಟ್ಟಿಯ ತಳದ ವಿಸ್ತೀರ್ಣ 2 ಚದರ ಮೀಟರು ಎನ್ನೋಣ. ಸೆಕೆಂಡಿಗೆ 30 ಲೀಟರು ನೀರು ಒಳಕ್ಕೆ ಬರುತ್ತದೆ, 20 ಲೀಟರು ಹೊರಕ್ಕೆ ಹೋಗುತ್ತದೆ. ಉಳಿಯುವ 10 ಲೀಟರು ಮಟ್ಟವನ್ನು 5 ಮಿಲಿಮೀಟರು ಏರಿಸುತ್ತದೆ. ಹೊಸ ಮಟ್ಟವನ್ನು ಬರೆದಿಟ್ಟುಕೊಂಡು ಮುಂದಿನ ಸೆಕೆಂಡಿಗೆ ಮತ್ತೆ ಇದೇ ಲೆಕ್ಕ. ವಿದ್ಯಾರ್ಥಿ ನಡುವೆ ಕೈಚಾಚಿ ನಲ್ಲಿಯನ್ನು ತಿರುಗಿಸಿದರೆ 30 ಎಂಬ ಅಂಕಿ 15 ಆಗುತ್ತದೆ, ಮಟ್ಟ ಇಳಿಯತೊಡಗುತ್ತದೆ. ಚಲನಚಿತ್ರ ನೋಡಿ ಕಲಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಚಿತ್ರದಲ್ಲಿ ನಾವು ಏನು ಮಾಡಿದರೂ ಕಥೆ ಬದಲಾಗದು, ಇಲ್ಲಿ ನಮ್ಮ ಕೈಯ ಫಲ ನಮ್ಮ ಕಣ್ಣೆದುರಿಗೇ ಬರುತ್ತದೆ. ದೊಡ್ಡ ಸ್ಥಾವರದ ಅನುಕರಣದಲ್ಲಿ ಇಂಥ ಸಮೀಕರಣಗಳು ಸಾವಿರಾರು. ಅವೆಲ್ಲವನ್ನೂ ಒಂದು ಸೆಕೆಂಡಿನಲ್ಲಿ ಹಲವು ಸಲ ಬಿಡಿಸಬೇಕು. ಲೆಕ್ಕ ಗಡಿಯಾರಕ್ಕಿಂತ ಹಿಂದೆ ಬೀಳಕೂಡದು. ಕಲಿಯುವವನ ಮುಂದೆ ನಿಜವಾದ ನಿಯಂತ್ರಣ ಕೋಣೆಯಂತೆಯೇ ದೀಪಗಳು, ಮುಳ್ಳುಗಳು, ಗುಂಡಿಗಳು. ಬೋಧಕನು ಮರೆಯಲ್ಲಿ ಕುಳಿತು, ಒಂದು ಪಂಪು ನಿಂತಂತೆ, ಒಂದು ಕೊಳವೆ ಒಡೆದಂತೆ ಕಂಪ್ಯೂಟರಿಗೆ ಆಜ್ಞೆ ಕೊಡುತ್ತಾನೆ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ನಮ್ಮ ತೊಟ್ಟಿಯ ಲೆಕ್ಕದಲ್ಲಿ ಒಳಕ್ಕೆ ಬಂದ ಪ್ರತಿ ಲೀಟರು ಲೀಟರಾಗಿಯೇ ಉಳಿಯುವುದೆಂಬ ನಂಬಿಕೆ ಅಡಗಿದೆ. ನೀರು ತಣ್ಣಗಿರುವವರೆಗೆ ಅದು ಸರಿ. ಕುದಿದರೆ? ಸಾಧಾರಣ ಒತ್ತಡದಲ್ಲಿ ನೀರು ಆವಿಯಾದಾಗ ಸುಮಾರು 1600 ಪಾಲು ಹಿಗ್ಗುತ್ತದೆ. ವಾಯುಮಂಡಲದ ಒತ್ತಡದ 70 ಪಾಲು ಒತ್ತಡವಿರುವಲ್ಲಿಯೂ ಸುಮಾರು 20 ಪಾಲು ಹಿಗ್ಗುತ್ತದೆ. ಸಮೀಕರಣ ಬರೆದವನು ಆವಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಅವನ ತೊಟ್ಟಿಯಲ್ಲಿ ಹಾಲು ಎಂದಿಗೂ ಉಕ್ಕುವುದಿಲ್ಲ.

ಈಗ ಪೆನ್ಸಿಲ್ವೇನಿಯಾಕ್ಕೆ ಬರೋಣ. ಸಸ್ಕ್ವೆಹಾನಾ ನದಿಯ ನಡುಗಡ್ಡೆಯೊಂದರಲ್ಲಿ ‘ಥ್ರೀ ಮೈಲ್ ಐಲೆಂಡ್’ ಸ್ಥಾವರ. ಅದರ ಎರಡನೆಯ ರಿಯಾಕ್ಟರಿನಲ್ಲಿ ನೀರು 300 ಡಿಗ್ರಿ ಸೆಲ್ಸಿಯಸ್ಸಿಗೆ ಕಾದಿದ್ದರೂ ಕುದಿಯುತ್ತಿರಲಿಲ್ಲ. ಕಾರಣ, ವಾಯುಮಂಡಲದ ಒತ್ತಡದ ಸುಮಾರು 150 ಪಾಲು ಒತ್ತಡ ಅದನ್ನು ಅದುಮಿ ಹಿಡಿದಿತ್ತು. ಈ ಒತ್ತಡವನ್ನು ಕಾಯುವುದಕ್ಕೆ ಒಂದು ಎತ್ತರದ ಪಾತ್ರೆಯುಂಟು: ಕೆಳಗೆ ನೀರು, ಮೇಲೆ ಆವಿ, ನೆತ್ತಿಯಲ್ಲಿ ಒಂದು ಕವಾಟ. ಆ ಬೆಳಗ್ಗೆ 4 ಗಂಟೆಗೆ ಉಗಿಯಂತ್ರದ ಕಡೆಯ ನೀರಿನ ಪಂಪುಗಳು ನಿಂತವು, ರಿಯಾಕ್ಟರಿನ ಒತ್ತಡ ಏರಿತು, ಕವಾಟ ತೆರೆಯಿತು, ರಿಯಾಕ್ಟರು ತಾನಾಗಿ ಆರಿತು. ಇಷ್ಟೂ ಸರಿಯಾಗಿಯೇ ನಡೆಯಿತು. ಅನಂತರ ಕವಾಟ ಮುಚ್ಚಿಕೊಳ್ಳಬೇಕಾಗಿತ್ತು. ಮುಚ್ಚಲಿಲ್ಲ. ಫಲಕದ ಮೇಲಿನ ದೀಪವೇನೋ ಆರಿತು. ಆದರೆ ಆ ದೀಪ ತಿಳಿಸುತ್ತಿದ್ದುದು ಮುಚ್ಚುವ ಆಜ್ಞೆ ಹೋಯಿತೆಂಬುದನ್ನು ಮಾತ್ರ, ಮುಚ್ಚಿತೆಂಬುದನ್ನಲ್ಲ.

ಒತ್ತಡ ಇಳಿಯುತ್ತ ಹೋಯಿತು. ಎರಡು ನಿಮಿಷಗಳಲ್ಲಿ ತುರ್ತು ಪಂಪುಗಳು ತಾವಾಗಿಯೇ ನೀರು ನೂಕತೊಡಗಿದವು. ಆದರೆ ಎತ್ತರದ ಪಾತ್ರೆಯಲ್ಲಿ ನೀರಿನ ಮಟ್ಟ ಇಳಿಯಲಿಲ್ಲ, ಏರಿತು! ಒತ್ತಡ ಕಡಮೆಯಾದುದರಿಂದ ಬಿಸಿನೀರು ಬೇರೆಡೆ ಕುದಿದು, ಆವಿ ತನಗೆ ಜಾಗ ಮಾಡಿಕೊಳ್ಳಲು ನೀರನ್ನು ತೆರೆದ ಕವಾಟದ ಕಡೆಗೆ ನೂಕುತ್ತಿತ್ತು. ಪಾತ್ರೆ ಪೂರ್ತಿ ತುಂಬಿದರೆ ಒತ್ತಡ ಕೈಮೀರುವುದೆಂದೂ, ಎಂದಿಗೂ ಹಾಗಾಗಗೊಡಬಾರದೆಂದೂ ನಿರ್ವಾಹಕರಿಗೆ ಬಲವಾಗಿ ಹೇಳಿಕೊಡಲಾಗಿತ್ತು. ಅವರು ಕಲಿತಂತೆಯೇ ಮಾಡಿದರು: ಐದು ನಿಮಿಷಗಳೊಳಗೆ ಒಂದು ತುರ್ತು ಪಂಪನ್ನು ನಿಲ್ಲಿಸಿ, ಇನ್ನೊಂದರ ಹರಿವನ್ನು ತಗ್ಗಿಸಿದರು. ಸೋರಿಕೆ ನಿಂತುದು ಎರಡು ಗಂಟೆಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಇಂಧನದ ಮೇಲಿನ ನೀರು ಬತ್ತತೊಡಗಿತ್ತು. ಕೊನೆಗೆ ಇಂಧನದ ಹೆಚ್ಚುಕಡಮೆ ಅರ್ಧ ಭಾಗ ಕರಗಿಹೋಯಿತು. ಸುತ್ತಲಿನ ಗಟ್ಟಿ ಕಟ್ಟಡ ತಡೆದುದರಿಂದ ದೊಡ್ಡ ಅನಾಹುತ ತಪ್ಪಿತು.

ವಿಚಾರಣೆಗೆ ಅಧ್ಯಕ್ಷರು ನೇಮಿಸಿದ ಆಯೋಗದ ಮುಖ್ಯಸ್ಥರು ಗಣಿತಜ್ಞ ಜಾನ್ ಕೆಮೆನಿ. ಥಾಮಸ್ ಕರ್ಟ್ಸ್ ಅವರೊಡನೆ 1964ರಲ್ಲಿ ‘ಬೇಸಿಕ್’ ಎಂಬ ಕಂಪ್ಯೂಟರ್ ಭಾಷೆಯನ್ನು ರಚಿಸಿದವರೂ ಅವರೇ. ಆಯೋಗ 1979ರ ಅಕ್ಟೋಬರಿನಲ್ಲಿ ಕೊಟ್ಟ ವರದಿಯಲ್ಲಿ ಅನುಕರಣ ಯಂತ್ರದ ಮಾತು ಬಂದಿದೆ. ನಿರ್ವಾಹಕರು ಅಭ್ಯಾಸ ಮಾಡಿದ್ದು ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ, ರಿಯಾಕ್ಟರನ್ನು ತಯಾರಿಸಿದ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪೆನಿಯ ಅನುಕರಣ ಕೋಣೆಯಲ್ಲಿ. ಆ ಕೋಣೆಯ ಫಲಕಗಳು ಅವರ ಸ್ಥಾವರದ ಫಲಕಗಳಿಗಿಂತ ಬೇರೆಯಾಗಿದ್ದವು. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಒತ್ತಡ ಇಳಿಯುತ್ತಿರುವಾಗಲೇ ಮಟ್ಟ ಏರುವ ಸ್ಥಿತಿಯನ್ನು ತೋರಿಸಲು ಆ ಯಂತ್ರಕ್ಕೆ ಬರುತ್ತಲೇ ಇರಲಿಲ್ಲ. ಇಂಥ ಸ್ಥಿತಿ ಊಹೆಗೆ ನಿಲುಕದ್ದೂ ಆಗಿರಲಿಲ್ಲ. 1977ರ ಸೆಪ್ಟೆಂಬರ್ 24ರಂದು ಓಹಾಯೋ ಸಂಸ್ಥಾನದ ಡೇವಿಸ್-ಬೆಸ್ ಸ್ಥಾವರದಲ್ಲಿ ಇದೇ ಬಗೆಯ ಕವಾಟ ತೆರೆದೇ ಉಳಿದಿತ್ತು. ಅಲ್ಲಿಯೂ ಮಟ್ಟ ಏರಿತ್ತು, ಅಲ್ಲಿಯೂ ನೀರನ್ನು ತಗ್ಗಿಸಿದ್ದರು. ರಿಯಾಕ್ಟರು ಆಗ ಅಲ್ಪ ಶಕ್ತಿಯಲ್ಲಿ ನಡೆಯುತ್ತಿದ್ದುದರಿಂದಲೂ, ಸೋರಿಕೆ ಬೇಗ ಪತ್ತೆಯಾದುದರಿಂದಲೂ ಹಾನಿ ತಪ್ಪಿತು. ಆ ಅನುಭವ ಅನುಕರಣ ಯಂತ್ರದ ಸಮೀಕರಣಗಳಿಗೆ ಇಳಿದು ಬಂದಿರಲಿಲ್ಲ.

ಸಾಫ್ಟ್‌ವೇರ್ ಬರೆಯುವವರ ಕಷ್ಟವನ್ನೂ ಒಪ್ಪಬೇಕು. ನೀರೂ ಆವಿಯೂ ಬೆರೆತು ಹರಿಯುವುದನ್ನು ಲೆಕ್ಕ ಹಾಕುವುದು ಸುಲಭವಲ್ಲ; ಗಡಿಯಾರದೊಡನೆ ಹೆಜ್ಜೆ ಹಾಕುತ್ತ ಅದನ್ನು ಮಾಡುವುದು ಇನ್ನೂ ಕಷ್ಟ. ಏನನ್ನಾದರೂ ಬಿಟ್ಟೇ ಬರೆಯಬೇಕು. ಆದರೆ ಬಿಟ್ಟದ್ದೇನೆಂಬುದು ಕಲಿಯುವವನಿಗೆ ಕಾಣಿಸುವುದಿಲ್ಲ. ಮುಳ್ಳುಗಳು ಎಲ್ಲವೂ ತಿಳಿದಂತೆ ಗಂಭೀರವಾಗಿಯೇ ತಿರುಗುತ್ತಿರುತ್ತವೆ! ಪುಸ್ತಕ ಒಂದು ವಿಷಯವನ್ನು ಹೇಳದಿದ್ದರೆ ಓದಿದವನು ಅದನ್ನು ಅರಿಯದೆ ಉಳಿಯುವನು. ಅನುಕರಣ ಯಂತ್ರ ಅದನ್ನು ಬಿಟ್ಟರೆ, ಜಗತ್ತಿನಲ್ಲಿ ಅದು ಇಲ್ಲವೆಂದೇ ಅವನ ಕೈಬೆರಳುಗಳು ಕಲಿತುಬಿಡುವುವು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅಪಾಯಕರ. ವಿಮಾನಗಳ ವಿಷಯದಲ್ಲಿಯೂ ಇದೇ ತೊಡಕು ಇತ್ತು. ರೆಕ್ಕೆ ಗಾಳಿಯ ಆಸರೆಯನ್ನು ಕಳೆದುಕೊಂಡಾಗ ವಿಮಾನ ಹೇಗೆ ವರ್ತಿಸುವುದೆಂಬುದನ್ನು ಅನುಕರಣ ಯಂತ್ರಗಳು ಬಹುಕಾಲ ಸರಿಯಾಗಿ ತೋರಿಸುತ್ತಿರಲಿಲ್ಲ. ವಿಮಾನ ಕಂಪೆನಿಗಳ ವೈಮಾನಿಕರು ಇದನ್ನು ಪೂರ್ತಿಯಾಗಿ ಅಭ್ಯಾಸ ಮಾಡಬೇಕೆಂದು ಅಮೆರಿಕದಲ್ಲಿ ನಿಯಮವಾದುದು 2013ರಲ್ಲಿ; ಜಾರಿಗೆ ಬಂದುದು 2019ರಲ್ಲಿ.

1979ರ ಅನಂತರ ಅಮೆರಿಕದ ಸ್ಥಾವರಗಳಿಗೆ ತಮ್ಮದೇ ನಿಯಂತ್ರಣ ಕೋಣೆಯ ಪಡಿಯಚ್ಚಿನಂಥ ಅನುಕರಣ ಕೋಣೆಗಳು ಬಂದವು. ಪರವಾನಗಿಯ ಪರೀಕ್ಷೆ ಅಂಥ ಕೋಣೆಯಲ್ಲಿ ನಡೆಯಬೇಕೆಂದು 1987ರ ನಿಯಮ ವಿಧಿಸಿತು. ಸಮೀಕರಣಗಳಲ್ಲಿ ಆವಿಗೆ ಸ್ಥಾನ ದೊರೆಯಿತು. ನಿಜವಾದ ಸ್ಥಾವರದಲ್ಲಿ ಏನಾದರೂ ಕೆಟ್ಟಾಗ ದಾಖಲಾದ ಒತ್ತಡ, ಉಷ್ಣತೆ, ಮಟ್ಟಗಳ ಗೆರೆಗಳನ್ನು ಅನುಕರಣದ ಗೆರೆಗಳ ಪಕ್ಕದಲ್ಲಿಟ್ಟು ಒರೆಹಚ್ಚುವ ಪದ್ಧತಿಯೂ ಬಂದಿತು. ನಿಯಂತ್ರಣ ಫಲಕಕ್ಕೆ ಒಂದು ಹೊಸ ಮಾಪಕವೂ ಸೇರಿತು. ರಿಯಾಕ್ಟರಿನ ನೀರು ಆ ಗಳಿಗೆಯಲ್ಲಿ ಕುದಿಯುವ ಹಂತದಿಂದ ಎಷ್ಟು ಡಿಗ್ರಿ ದೂರವಿದೆಯೆಂಬುದನ್ನು ಅದು ತೋರಿಸುತ್ತದೆ. ಇಂದು ಬೋಧಕನು ಮರೆಯಿಂದ ಆ ಕವಾಟವನ್ನು ತೆರೆದು, ಹಾಗೆಯೇ ಬಿಟ್ಟರೆ, ಒತ್ತಡದ ಮುಳ್ಳು ಇಳಿಯುತ್ತದೆ, ಮಟ್ಟದ ಮುಳ್ಳು ಏರುತ್ತದೆ. ಕಲಿಯುವವನು ಪಂಪಿನ ಗುಂಡಿಗೆ ಕೈ ಹಚ್ಚುವ ಮುನ್ನ ಆ ಮೂರನೆಯ ಮಾಪಕದ ಕಡೆಗೆ ತಿರುಗಿ ನೋಡುತ್ತಾನೆ.